ಸೋಫಾ ಮೇಲಿನ ಬೋಳು ಗೋಡೆಗೆ ಯಾವ ಮಿನಿಮಲಿಸಂ?

ಹೊಸ ಫ್ಲ್ಯಾಟಿಗೆ ಹೋಗಿ ಎರಡು ತಿಂಗಳಾದ ಮೇಲೆ ಅತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಮೂರು ಫೋಟೊ ಕಳಿಸಿದರು. ಒಂದರಲ್ಲಿ ತಿಳಿ ಮಣ್ಣಿನ ಬಣ್ಣದ ಕಮಾನುಗಳು, ಅವುಗಳ ಮೇಲೊಂದು ಇಟ್ಟಿಗೆ ಬಣ್ಣದ ಸೂರ್ಯ. ಇನ್ನೊಂದರಲ್ಲಿ ಕೈ ಎತ್ತದೆ ಒಂದೇ ಗೆರೆಯಲ್ಲಿ ಬಿಡಿಸಿದ ಹೆಂಗಸಿನ ಮುಖ. ಮೂರನೆಯದರಲ್ಲಿ ಹಳದಿ ಚೌಕ, ಅದರೊಳಗೆ ಇನ್ನೊಂದು ಹಳದಿ ಚೌಕ, ಅದರೊಳಗೆ ಮತ್ತೊಂದು. ಮೂರಕ್ಕೂ ಮಾರುವವರು ಇಟ್ಟ ಹೆಸರು ಒಂದೇ: ‘ಮಿನಿಮಲಿಸ್ಟ್ ವಾಲ್ ಆರ್ಟ್’. ಕೆಳಗೆ ಅತ್ತಿಗೆಯ ಪ್ರಶ್ನೆ: ‘ಸೋಫಾ ಮೇಲಿನ ಗೋಡೆ ಬೋಳಾಗಿ ಕಾಣ್ತಿದೆ. ಇದರಲ್ಲಿ ಯಾವುದು ತಗೊಳ್ಳಲಿ, ನೀನೇ ಹೇಳು.’

ಫೋನಿನಲ್ಲಿ ಹೇಳಲು ಆದದ್ದು ಅರ್ಧ ಮಾತ್ರ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವರ ಲಕ್ಷ್ಮಿ, ಸರಸ್ವತಿಯರು ಕಲ್ಲಚ್ಚಿನಲ್ಲಿ ಒತ್ತಿಸಿಕೊಂಡು ನಮ್ಮ ಮುತ್ತಜ್ಜಿಯರ ಮನೆಯ ಗೋಡೆಗೂ ಬಂದರು. ತೈಲವರ್ಣದ ಮಿರುಗು ಆ ಕಾಗದದಲ್ಲಿ ಇರಲಿಲ್ಲ, ಗಾತ್ರ ಕುಗ್ಗಿತ್ತು, ಬಣ್ಣ ಬದಲಾಗಿತ್ತು. ಆದರೂ ಲಕ್ಷ್ಮಿ ಲಕ್ಷ್ಮಿಯಾಗಿಯೇ ಉಳಿದಳು. ಮುಖ, ಕಮಲ, ಆನೆ, ಅವುಗಳ ಹಿಂದಿನ ಕಥೆ ಎಲ್ಲವೂ ಅಚ್ಚು ದಾಟಿ ಬಂದಿದ್ದವು. ಮಿನಿಮಲಿಸ್ಟ್ ಚಿತ್ರಕ್ಕೆ, ಎಂದರೆ ಆದಷ್ಟು ಕಡಿಮೆ ಆಕಾರ, ಬಣ್ಣಗಳಲ್ಲಿ ಮುಗಿಸುವ ಚಿತ್ರಕ್ಕೆ, ಆ ಅನುಕೂಲವಿಲ್ಲ. ಅಲ್ಲಿ ಕಥೆಯಿಲ್ಲ, ಮುಖವಿಲ್ಲ. ಇರುವುದು ಗಾತ್ರ, ಮೇಲ್ಮೈ, ಬಣ್ಣದ ಛಾಯೆ, ಕೈ ಓಡಾಡಿದ ಗುರುತು. ಅಚ್ಚು ಹಾಕುವಾಗ ಮೊದಲು ಕಳೆದುಹೋಗುವುದೂ ಇವೇ. ಹಾಗಾಗಿ ಈ ಬಗೆಯ ಚಿತ್ರ ಆರಿಸುವಾಗ ‘ನನ್ನ ಪರದೆಯ ಬಣ್ಣಕ್ಕೆ ಹೊಂದುತ್ತದೆಯೇ’ ಎಂದು ಕೇಳುವ ಮೊದಲು ನಾನು ಕೇಳುವುದು ಬೇರೆ ಪ್ರಶ್ನೆ: ಹುಟ್ಟಿದ ಜಾಗದಿಂದ ನನ್ನ ಗೋಡೆಯವರೆಗೆ ಬರುವಷ್ಟರಲ್ಲಿ ಇದರಲ್ಲಿ ಎಷ್ಟು ಉಳಿದಿರುತ್ತದೆ? ಕೆಲವು ಮಿನಿಮಲಿಸ್ಟ್ ಕೃತಿಗಳು ಬಹುಪಾಲು ಉಳಿಯುತ್ತವೆ, ಕೆಲವು ಏನೂ ಉಳಿಯುವುದಿಲ್ಲ. ಅದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು.

ಮೂಲೆಯ ಕಪ್ಪು ಚೌಕದಿಂದ ನೆಲದ ಇಟ್ಟಿಗೆಯವರೆಗೆ

1915ರ ಡಿಸೆಂಬರ್‌ನಲ್ಲಿ ರಷ್ಯದ ಪೆಟ್ರೊಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ನಗರದ ‘0.10’ ಎಂಬ ಪ್ರದರ್ಶನದಲ್ಲಿ ಕಜಿಮಿರ್ ಮಾಲೆವಿಚ್ ಬಿಳಿ ಹಿನ್ನೆಲೆಯ ಮೇಲೆ ಒಂದು ಕಪ್ಪು ಚೌಕ ಬರೆದು ತೂಗುಹಾಕಿದರು. ಅದನ್ನು ಇಟ್ಟ ಜಾಗ ಮುಖ್ಯ. ಎರಡು ಗೋಡೆ ಸೇರುವ ಮೂಲೆಯಲ್ಲಿ, ಛಾವಣಿಗೆ ಹತ್ತಿರ. ರಷ್ಯನ್ ಮನೆಗಳಲ್ಲಿ ದೇವರ ಚಿತ್ರ ಇಡುವುದು ಅಲ್ಲೇ. ನಮ್ಮಲ್ಲಿ ದೇವರ ಗೂಡಿನಲ್ಲಿ ವಿಗ್ರಹ ಎತ್ತಿಟ್ಟು ಬರೀ ಒಂದು ಕಪ್ಪು ಹಲಗೆ ಇಟ್ಟ ಹಾಗೆ. ಒಂದೊಂದು ಬದಿ 79.5 ಸೆಂಟಿಮೀಟರ್ ಇರುವ ಆ ಚಿತ್ರ ಈಗ ಮಾಸ್ಕೊದ ಟ್ರೆಟ್ಯಾಕೊವ್ ಗ್ಯಾಲರಿಯಲ್ಲಿದೆ. ಕಪ್ಪಿನ ಮೈತುಂಬ ಬಿರುಕು, ಬಿರುಕಿನ ಸಂದಿಯಲ್ಲಿ ಅಡಿಯ ಬೇರೆ ಬಣ್ಣಗಳ ಇಣುಕು. ಅಂಗಡಿಯಲ್ಲಿ ಸಿಗುವ ಕಪ್ಪು ಚೌಕದ ಪೋಸ್ಟರಿನಲ್ಲಿ ಮೂಲೆಯೂ ಇಲ್ಲ, ಬಿರುಕೂ ಇಲ್ಲ.

ಆಮೇಲಿನ ಕಾಲು ಶತಮಾನದ ಯುರೋಪನ್ನು ಬೇಗ ದಾಟೋಣ. 1917ರಲ್ಲಿ ಹಾಲೆಂಡಿನಲ್ಲಿ ‘ಡಿ ಸ್ಟೈಲ್’ ಪತ್ರಿಕೆ, ಅದರ ಬಳಗದಲ್ಲಿ ಚಿತ್ರಕಾರ ಪೀಟ್ ಮಾಂಡ್ರಿಯನ್. 1919ರಿಂದ 1933ರವರೆಗೆ ಜರ್ಮನಿಯಲ್ಲಿ ಕಲೆ, ವಿನ್ಯಾಸ ಕಲಿಸಿದ ಬೌಹೌಸ್ ಶಾಲೆ. 1925ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಮನೆಯ ಗೋಡೆಯಲ್ಲಿರುವುದನ್ನೆಲ್ಲ ತೆಗೆದು ಬಿಳಿ ಬಣ್ಣ ಬಳಿಯಬೇಕೆಂದು ಬರೆದರು. ಇವತ್ತಿನ ‘ಮಿನಿಮಲಿಸ್ಟ್ ಮನೆ’ಯ ಬಿಳಿ ಗೋಡೆಗೆ ಬೇರು ಈ ಕಡೆ ಇದೆ. ಚಿತ್ರಕಲೆಯ ಮಿನಿಮಲಿಸಂ ಬೇರೆ, ಮನೆಯನ್ನು ಖಾಲಿ ಇಡುವ ಮಿನಿಮಲಿಸಂ ಬೇರೆ. ಎರಡನ್ನೂ ಒಂದೇ ಎಂದುಕೊಂಡಾಗ ಚಿತ್ರ ಎಂದರೆ ಗೋಡೆಗೆ ತೊಂದರೆ ಕೊಡದ ವಸ್ತು ಎಂದಾಗಿಬಿಡುತ್ತದೆ.

ಮಿನಿಮಲಿಸಂ ಚಳವಳಿಯ ನಿಜವಾದ ಊರು 1960ರ ದಶಕದ ನ್ಯೂಯಾರ್ಕ್. ಅದರ ಹೊಸ್ತಿಲಲ್ಲಿ, 1959ರ ಕೊನೆಗೆ, ಅಲ್ಲಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ 23 ವರ್ಷದ ಫ್ರಾಂಕ್ ಸ್ಟೆಲ್ಲ ಕಪ್ಪು ಪಟ್ಟೆಗಳ ದೊಡ್ಡ ಕ್ಯಾನ್ವಾಸುಗಳನ್ನು ತೋರಿಸಿದ್ದರು. 1965ರಲ್ಲಿ ಬ್ರಿಟಿಷ್ ತತ್ವಶಾಸ್ತ್ರಜ್ಞ ರಿಚರ್ಡ್ ವಾಲ್‌ಹೈಮ್ ‘ಮಿನಿಮಲ್ ಆರ್ಟ್’ ಎಂಬ ಲೇಖನ ಬರೆದರು. ಅದೇ ವರ್ಷ ಅಮೆರಿಕದ ಕಲಾವಿದ ಡೊನಾಲ್ಡ್ ಜಡ್, ತಾವು ಮಾಡುತ್ತಿರುವುದು ಚಿತ್ರವೂ ಅಲ್ಲ ಶಿಲ್ಪವೂ ಅಲ್ಲ, ಬೇರೆಯೇ ವಸ್ತು ಎಂದು ವಾದಿಸಿದರು. 1966ರಲ್ಲಿ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿ ‘ಪ್ರೈಮರಿ ಸ್ಟ್ರಕ್ಚರ್ಸ್’ ಪ್ರದರ್ಶನ ನಡೆದು ಆ ಹೊಸ ಬಗೆ ಎಲ್ಲರ ಬಾಯಲ್ಲಿ ಬಂತು. ಹಾಗೆ ಕರೆಸಿಕೊಂಡ ಜಡ್‌ಗೇ ಮಿನಿಮಲಿಸ್ಟ್ ಎಂಬ ಹೆಸರು ಹಿಡಿಸಲಿಲ್ಲ.

ಗಮನಿಸಬೇಕಾದ ಸಂಗತಿ ಏನೆಂದರೆ, ಈ ಚಳವಳಿಯ ಹೆಸರಾದ ಕೃತಿಗಳಲ್ಲಿ ಬಹುಪಾಲು ಗೋಡೆ ಬಿಟ್ಟು ಇಳಿದುಬಂದವು. ಕಾರ್ಲ್ ಆಂಡ್ರೆ 1966ರಲ್ಲಿ 120 ಸುಟ್ಟ ಇಟ್ಟಿಗೆಗಳನ್ನು ನೆಲದ ಮೇಲೆ ಎರಡು ಪದರವಾಗಿ ಜೋಡಿಸಿದರು. ಡ್ಯಾನ್ ಫ್ಲ್ಯಾವಿನ್ 1963ರಿಂದ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟುಗಳಲ್ಲೇ ಕೆಲಸ ಮಾಡಿದರು. ಜಡ್ ಟೆಕ್ಸಸ್‌ನ ಮಾರ್ಫಾ ಎಂಬ ಸಣ್ಣ ಊರಿಗೆ ಹೋಗಿ ಹಳೆಯ ಸೇನಾ ಕಟ್ಟಡಗಳಲ್ಲಿ 100 ಅಲ್ಯುಮಿನಿಯಂ ಪೆಟ್ಟಿಗೆಗಳನ್ನು ಇಟ್ಟರು. ಇವನ್ನು ಯಾರೂ ಸೋಫಾ ಮೇಲೆ ತೂಗುಹಾಕಲಾರರು. ನಮ್ಮ ಗೋಡೆಗೆ ಬರಬಲ್ಲವರು ಆ ಚಳವಳಿಯ ಅಕ್ಕಪಕ್ಕ ನಿಂತು ಕೆಲಸ ಮಾಡಿದವರು.

ಈ ವಂಶಾವಳಿಯಲ್ಲಿ ಅತ್ತಿಗೆಯ ಮೊದಲ ಎರಡು ಫೋಟೊಗಳಿಗೆ ಜಾಗವಿಲ್ಲ. ಕಮಾನು ಮತ್ತು ಸೂರ್ಯ ಒಂದು ಒಳಾಂಗಣ ಶೈಲಿಯ ಅಲಂಕಾರ. ಬಣ್ಣ ಸೌಮ್ಯವಾಗಿದೆ, ಅಷ್ಟೇ. ಒಂದೇ ಗೆರೆಯ ಮುಖದ ಹಿರಿಯರು ಮಾಟೀಸ್ ಮತ್ತು ಪಿಕಾಸೊ. ಗೆರೆಯ ಮೇಲೆ ಪ್ರೀತಿ ಇದ್ದವರು ಅದನ್ನು ಆಯ್ದುಕೊಂಡರೆ ತಪ್ಪೇನಿಲ್ಲ. ಆದರೆ ಅದೇ ಪ್ರೀತಿಗೆ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಒಮ್ಮೆ ನೋಡಿ ಎಂದು ಅತ್ತಿಗೆಗೆ ಹೇಳಿದೆ. ಕಥಕ್ ಕಲಿತ ಆ ಕೈಯ ಗೆರೆ ಎಲ್ಲಿ ಹಗುರಾಗಬೇಕು, ಎಲ್ಲಿ ತಿರುಗಬೇಕು ಎಂದು ಬಲ್ಲದು. ಕಂಪ್ಯೂಟರಿನಲ್ಲಿ ಎಳೆದ, ಉದ್ದಕ್ಕೂ ಒಂದೇ ದಪ್ಪದ ಗೆರೆಯನ್ನು ಅದರ ಪಕ್ಕ ಇಟ್ಟರೆ ಹೆಚ್ಚು ವಿವರಿಸಬೇಕಾಗಿಲ್ಲ.

ಚೌಕದೊಳಗಿನ ಚೌಕ: ಅಚ್ಚಿಗೆ ಒಗ್ಗುವ ಮಿನಿಮಲಿಸಂ

ಮೂರನೆಯ ಫೋಟೊಗೆ ಬರುತ್ತೇನೆ. ಅದು ಜೋಸೆಫ್ ಆಲ್ಬರ್ಸ್ ಅವರ ನೆರಳು. ಬೌಹೌಸ್‌ನಲ್ಲಿ ಕಲಿತು ಅಲ್ಲೇ ಕಲಿಸಿದ ಆಲ್ಬರ್ಸ್, 1933ರಲ್ಲಿ ನಾಜಿಗಳ ಒತ್ತಡಕ್ಕೆ ಶಾಲೆ ಮುಚ್ಚಿದ ಮೇಲೆ ಅಮೆರಿಕಕ್ಕೆ ಹೋದರು. ‘ಚೌಕಕ್ಕೆ ನಮನ’ ಎಂಬ ಅರ್ಥದ ಹೆಸರಿನ ಸರಣಿಯನ್ನು ಶುರು ಮಾಡಿದ್ದು 1950ರಲ್ಲಿ, ತಮ್ಮ 62ನೇ ವಯಸ್ಸಿನಲ್ಲಿ. 1976ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು; ಸಾವಿರಕ್ಕೂ ಹೆಚ್ಚು ಚಿತ್ರಗಳು. ಮೂರು ಅಥವಾ ನಾಲ್ಕು ಚೌಕ, ಒಂದರೊಳಗೊಂದು. ಒಳಗಿನ ಚೌಕ ನಡುವಿನಲ್ಲಿ ಕೂರುವುದಿಲ್ಲ, ಕೆಳಕ್ಕೆ ಜಗ್ಗಿರುತ್ತದೆ: ಕೆಳಗೆ ಒಂದು ಪಾಲು ಅಂಚು ಬಿಟ್ಟರೆ ಪಕ್ಕಗಳಲ್ಲಿ ಎರಡು, ಮೇಲೆ ಮೂರು. ಆ 1:2:3ರ ಲೆಕ್ಕದಿಂದಲೇ ಚೌಕ ತೂಕದಿಂದ ಕೂತ ಹಾಗೂ ಕಾಣುತ್ತದೆ, ತೇಲುವ ಹಾಗೂ ಕಾಣುತ್ತದೆ. ಬಣ್ಣವನ್ನು ಬೆರೆಸದೆ ಟ್ಯೂಬಿನಿಂದ ನೇರವಾಗಿ ಚಾಕುವಿನಲ್ಲಿ ಹಲಗೆಗೆ ಹಚ್ಚಿ, ಬಳಸಿದ ಬಣ್ಣಗಳ ಹೆಸರನ್ನು ಹಿಂಬದಿಯಲ್ಲಿ ಬರೆದಿಡುತ್ತಿದ್ದರು.

ಗೋಡೆಗೆ ಒಂದೇ ಒಂದು ಮಿನಿಮಲಿಸ್ಟ್ ಅಚ್ಚು ಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಈ ದಾರಿ. ಕಾರಣ ಸರಳ: ಇಲ್ಲಿನ ವಿಷಯ ಕೈಯ ಗುರುತಲ್ಲ. ಒಂದು ಬಣ್ಣ ಪಕ್ಕದ ಬಣ್ಣದಿಂದ ಹೇಗೆ ಬದಲಾಗುತ್ತದೆ ಎನ್ನುವುದೇ ವಿಷಯ. ಬೂದು ಚೌಕವನ್ನು ಹಳದಿಯ ಪಕ್ಕ ಇಟ್ಟರೆ ನೇರಳೆಯ ಕಡೆ ವಾಲುತ್ತದೆ, ನೇರಳೆಯ ಪಕ್ಕ ಇಟ್ಟರೆ ಹಳದಿಯ ಕಡೆ. 1963ರಲ್ಲಿ ಬಂದ ಬಣ್ಣದ ಪಾಠದ ಪುಸ್ತಕದಲ್ಲಿ ಆಲ್ಬರ್ಸ್ ಇದನ್ನೆಲ್ಲ ಸ್ಕ್ರೀನ್ ಪ್ರಿಂಟಿನಲ್ಲೇ ತೋರಿಸಿದರು. ಅಚ್ಚನ್ನು ನಂಬಿದ ಕಲಾವಿದ ಅವರು.

ಆದರೆ ಯಾವ ಅಚ್ಚು ಎನ್ನುವುದರಲ್ಲಿ ಎಲ್ಲ ಇದೆ. ಸಾಮಾನ್ಯ ಡಿಜಿಟಲ್ ಪ್ರಿಂಟಿನಲ್ಲಿ ನಾಲ್ಕು ಬಣ್ಣಗಳ ಸಣ್ಣ ಚುಕ್ಕಿಗಳು ಸೇರಿ ಕಿತ್ತಳೆಯಂತೆ ಕಾಣುತ್ತವೆ. ಸ್ಕ್ರೀನ್ ಪ್ರಿಂಟಿನಲ್ಲಿ ಕಿತ್ತಳೆ ಮಸಿಯನ್ನೇ ಕಲಸಿ, ಜಾಲರಿಯ ಮೂಲಕ ಒಂದೇ ಸಮ ಪದರವಾಗಿ ಒತ್ತುತ್ತಾರೆ. ಲಗ್ನಪತ್ರಿಕೆ ಒತ್ತುವ ಕಡೆ ಈ ಕೆಲಸ ನೋಡಿದವರಿಗೆ ಗೊತ್ತು, ಆ ಬಣ್ಣಕ್ಕೆ ಬೆರಳಿಗೆ ತಾಗುವ ಮೈ ಇರುತ್ತದೆ. ಚೌಕಗಳ ಚಿತ್ರ ಕೊಳ್ಳುವಾಗ ‘ಇದು ಸ್ಕ್ರೀನ್ ಪ್ರಿಂಟೋ ಡಿಜಿಟಲ್ಲೋ’ ಎಂದು ಕೇಳಿ. ಡಿಜಿಟಲ್ ಆದರೆ ಪಿಗ್ಮೆಂಟ್ ಇಂಕ್ ಬಳಸಿದ್ದಾರೆಯೇ ಎಂದು ಕೇಳಿ. ಡೈ ಇಂಕು ಬಿಸಿಲಿಗೆ ಬೇಗ ಬಿಳುಚುತ್ತದೆ.

ಕೊಳ್ಳದೆಯೂ ಒಂದು ದಾರಿ ಇದೆ. ಬಣ್ಣದ ಅಂಗಡಿಯ ಹಳೆಯ ಶೇಡ್ ಕಾರ್ಡುಗಳನ್ನು ಕೇಳಿ ತಂದು, ಚೌಕ ಕತ್ತರಿಸಿ, 1:2:3ರ ಲೆಕ್ಕದಲ್ಲಿ ಒಂದರ ಮೇಲೊಂದು ಇಟ್ಟು ನೋಡಿ. ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಗೆ ಬಣ್ಣದ ಕಾಗದದಲ್ಲಿ ಮಾಡಿಸುತ್ತಿದ್ದುದೂ ಇಂಥ ಅಭ್ಯಾಸಗಳನ್ನೇ. ಒಂದು ಮಧ್ಯಾಹ್ನ ಹೀಗೆ ಕಳೆದರೆ ಅಂಗಡಿಯ ಪ್ರಿಂಟುಗಳಲ್ಲಿ ಯಾವುದರ ಬಣ್ಣ ಯೋಚಿಸಿ ಇಟ್ಟದ್ದು, ಯಾವುದು ಸುಮ್ಮನೆ ತುಂಬಿದ್ದು ಎಂದು ಕಣ್ಣಿಗೆ ತಾನೇ ತಿಳಿಯತೊಡಗುತ್ತದೆ.

ಪೆನ್ಸಿಲ್ ಗೆರೆ: ಅಚ್ಚಿನಲ್ಲಿ ಸಾಯುವ ಮಿನಿಮಲಿಸಂ

ನನಗೆ ಅತ್ಯಂತ ಪ್ರಿಯವಾದದ್ದು ಈ ಬಗೆ. ಅದಕ್ಕೇ ಇದರ ಅಚ್ಚು ಕೊಳ್ಳಬೇಡಿ ಎಂದು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಆಗ್ನೆಸ್ ಮಾರ್ಟಿನ್ 1912ರಲ್ಲಿ ಕೆನಡಾದಲ್ಲಿ ಹುಟ್ಟಿದವರು. ನ್ಯೂಯಾರ್ಕಿನಲ್ಲಿ 1960ರ ಸುಮಾರಿಗೆ ಆರಡಿ ಉದ್ದ ಆರಡಿ ಅಗಲದ ಕ್ಯಾನ್ವಾಸಿನ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡ ಉದ್ದ ಗೆರೆ ಎಳೆದು ಜಾಲರಿ ತುಂಬತೊಡಗಿದರು. ದೂರದಿಂದ ನೋಡಿದರೆ ಮಂಜಿನಂಥ ಬೂದು ಪರದೆ. ಹತ್ತಿರ ಹೋದರೆ ಪೆನ್ಸಿಲ್ ಮೊನೆ ಬಟ್ಟೆಯ ಎಳೆ ಎಳೆಯ ಮೇಲೆ ಹತ್ತಿ ಇಳಿದು, ಅಲ್ಲಲ್ಲಿ ತಪ್ಪಿ, ಮತ್ತೆ ಹಿಡಿದು ಸಾಗಿದ್ದು ಕಾಣುತ್ತದೆ. ಮರಗಳ ಮುಗ್ಧತೆಯ ಬಗ್ಗೆ ಯೋಚಿಸುತ್ತಿದ್ದಾಗ ಈ ಜಾಲರಿ ಮನಸ್ಸಿಗೆ ಬಂತು ಎಂದು ಹೇಳಿಕೊಂಡಿದ್ದಾರೆ. ತಮ್ಮನ್ನು ಮಿನಿಮಲಿಸ್ಟ್ ಎನ್ನುವುದನ್ನು ಅವರು ಒಪ್ಪಲಿಲ್ಲ. ಭಾವವಿಲ್ಲದ ಕಲೆ ತಮ್ಮದಲ್ಲ ಎಂಬುದು ಅವರ ನಿಲುವು. 1967ರಲ್ಲಿ ನ್ಯೂಯಾರ್ಕ್ ಬಿಟ್ಟು ಕೊನೆಗೆ ನ್ಯೂ ಮೆಕ್ಸಿಕೊದಲ್ಲಿ ನೆಲೆಸಿದರು. ವಯಸ್ಸಾದಂತೆ ದೊಡ್ಡ ಕ್ಯಾನ್ವಾಸು ಎತ್ತಿಡಲು ಕಷ್ಟವಾಗಿ ಗಾತ್ರವನ್ನು ಐದಡಿಗೆ ಇಳಿಸಿಕೊಂಡರು. ಅಂದರೆ ಆ ಗಾತ್ರ ಒಂದು ಮೈಯ ಅಳತೆ: ಕೈ ಚಾಚಿ ನಿಂತ ಮನುಷ್ಯನಷ್ಟು. ಅದನ್ನು ಒಂದು ಅಡಿಗೆ ಕುಗ್ಗಿಸಿದರೆ ಉಳಿಯುವುದು ಲೆಕ್ಕದ ಪುಸ್ತಕದ ಹಾಳೆ.

ನಮ್ಮ ದೇಶದಲ್ಲಿ ಇದೇ ಹೊತ್ತಿಗೆ ನಸ್ರೀನ್ ಮೊಹಮದಿ ಇದ್ದರು. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದು, 1972ರಿಂದ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಸುತ್ತಲಿನವರೆಲ್ಲ ಮನುಷ್ಯಾಕೃತಿ, ಕಥನ ಎಂದು ಬರೆಯುತ್ತಿದ್ದಾಗ ನಸ್ರೀನ್ ಎಂಜಿನಿಯರುಗಳು ನಕ್ಷೆ ಬಿಡಿಸುವ ಉಪಕರಣ ಹಿಡಿದು, ಕಾಗದದ ಮೇಲೆ ಶಾಯಿಯಲ್ಲೂ ಪೆನ್ಸಿಲ್ಲಿನಲ್ಲೂ ಕೂದಲೆಳೆಯ ಗೆರೆಗಳನ್ನು ಎಳೆದರು. ಒಂದು ಚಿತ್ರಕ್ಕೂ ಹೆಸರಿಡಲಿಲ್ಲ. ಕೈಯ ಹಿಡಿತವನ್ನೇ ಕಸಿದುಕೊಳ್ಳುವ ನರರೋಗ ಹತ್ತಿದ ಮೇಲೂ ಆ ಗೆರೆ ನಡುಗಲಿಲ್ಲ. 1990ರಲ್ಲಿ ತೀರಿಕೊಂಡರು. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹೊಸ ಶಾಖೆ ‘ಮೆಟ್ ಬ್ರಾಯರ್’ ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಒಂದು ಅವರದು. ಆಗ್ನೆಸ್ ಜೊತೆ ಅವರನ್ನು ಹೋಲಿಸುವುದು ರೂಢಿ. ನನಗೆ ಕಾಣುವ ವ್ಯತ್ಯಾಸ ಇದು: ಆಗ್ನೆಸ್ ಗೆರೆ ನಿಲ್ಲಿಸುತ್ತದೆ, ನಸ್ರೀನ್ ಗೆರೆ ಓಡಿಸುತ್ತದೆ. ಓರೆಯಾಗಿ ಹಾರುವ ಆ ಗೆರೆಗಳ ಮುಂದೆ ನಿಂತರೆ ಗೋಡೆಯೇ ವಾಲಿದ ಹಾಗಾಗುತ್ತದೆ.

ಇಂಥ ಚಿತ್ರದ ಅಚ್ಚು ಏನಾಗುತ್ತದೆ ಎಂದು ನಾನು ಹಣ ಕೊಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ಪೆನ್ಸಿಲ್ ಜಾಲರಿಯ ಒಂದು ಚಿತ್ರವನ್ನು ನಾಲ್ಕಡಿ ಕ್ಯಾನ್ವಾಸ್ ಪ್ರಿಂಟ್ ಆಗಿ ತರಿಸಿದ್ದೆ. ಫೋನಿನ ಪರದೆಯಲ್ಲಿ ಮಿನುಗುತ್ತಿತ್ತು. ಬಂದದ್ದು ಬೂದು ಹಲಗೆ. ಗೆರೆಗಳು ಪ್ರಿಂಟರಿನ ಚುಕ್ಕಿಗಿಂತ ಸಣ್ಣವಾದ್ದರಿಂದ ಒಂದಕ್ಕೊಂದು ಅಂಟಿ, ಮೂಲದಲ್ಲಿ ಇಲ್ಲದ ಅಲೆ ಅಲೆಯ ನೆರಳು ಎದ್ದಿತ್ತು. ಜೊತೆಗೆ ಪ್ರಿಂಟ್ ಹಾಕಿದ ಬಟ್ಟೆಯ ನೇಯ್ಗೆ, ಫೋಟೊದಲ್ಲಿದ್ದ ಮೂಲ ಬಟ್ಟೆಯ ನೇಯ್ಗೆ, ಎರಡೂ ಜಗಳವಾಡುತ್ತಿದ್ದವು. ಆರು ತಿಂಗಳು ತೂಗುಹಾಕಿ ಇಳಿಸಿದೆ.

ಈ ಬಗೆ ಇಷ್ಟವಾದವರಿಗೆ ಪರ್ಯಾಯ ಇದೆ: ಹೆಸರಾಂತ ಕೃತಿಯ ನಕಲು ಬಿಟ್ಟು, ಹೆಸರಾಗದ ಕಲಾವಿದರ ಸಣ್ಣ ಮೂಲಕೃತಿ. ಎಚ್ಚಿಂಗ್ (ಲೋಹದ ತಗಡಿನ ಅಚ್ಚು), ವುಡ್‌ಕಟ್ (ಮರದಚ್ಚು), ಲಿಥೋಗ್ರಾಫ್‌ (ಕಲ್ಲಚ್ಚು) ಇವುಗಳಲ್ಲಿ ಅಚ್ಚೇ ಮೂಲಕೃತಿ. ಎಚ್ಚಿಂಗ್ ಆದರೆ ತಾಮ್ರ ಅಥವಾ ಸತುವಿನ ತಗಡಿನ ಗೆರೆಯಲ್ಲಿ ಕೂತ ಮಸಿ ಒದ್ದೆ ಕಾಗದಕ್ಕೆ ಒತ್ತಿ ಎದ್ದಿರುತ್ತದೆ, ತಗಡಿನ ಅಂಚಿನ ಹಳ್ಳ ಸುತ್ತ ಉಳಿದಿರುತ್ತದೆ. ಕೆಳಗೆ ಪೆನ್ಸಿಲ್ಲಿನಲ್ಲಿ 5/30 ಎಂದಿದ್ದರೆ ಒತ್ತಿದ 30ರಲ್ಲಿ ಅದು ಐದನೆಯದು, ಬಲಕ್ಕೆ ಕಲಾವಿದರ ಸಹಿ. ಕಲಾಶಾಲೆಗಳ ವಾರ್ಷಿಕ ಪ್ರದರ್ಶನಗಳಲ್ಲಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಾರಂಭಕ್ಕೆ ನಡೆಸುವ ಚಿತ್ರಸಂತೆಯಲ್ಲಿ ಇಂಥವು ಸಿಗುತ್ತವೆ. ದೊಡ್ಡ ಕ್ಯಾನ್ವಾಸ್ ಪ್ರಿಂಟಿನ ಬೆಲೆಗೇ ಸಿಗುವುದುಂಟು. ನನ್ನ ಮನೆಯಲ್ಲಿ ಆ ನಾಲ್ಕಡಿ ಹಲಗೆ ಇಳಿಸಿದ ಜಾಗದಲ್ಲಿ ಈಗ ಅಂಗೈ ಅಗಲದ ಎಚ್ಚಿಂಗ್ ಇದೆ, ಸುತ್ತ ಅಗಲವಾದ ಬಿಳಿ ಮೌಂಟ್, ಅಂದರೆ ರಟ್ಟಿನ ಅಂಚು. ಬಂದವರು ಎದ್ದು ಹತ್ತಿರ ಹೋಗಿ ನೋಡುತ್ತಾರೆ. ಆ ಹಲಗೆಯ ಹತ್ತಿರ ಯಾರೂ ಹೋಗಿರಲಿಲ್ಲ.

ಪೂರ್ತಿ ಕಪ್ಪು, ಪೂರ್ತಿ ಬಿಳಿ ಚಿತ್ರಗಳ ಬಗ್ಗೆ ಎರಡೇ ಮಾತು. ಆ್ಯಡ್ ರೈನ್‌ಹಾರ್ಟ್ ಅವರ ಐದಡಿಯ ಕಪ್ಪು ಚಿತ್ರಗಳಲ್ಲಿ ಒಂದಕ್ಕೊಂದು ಕೂದಲೆಳೆಯಷ್ಟು ಬೇರೆಯಾದ ಕಪ್ಪುಗಳ ಒಂಬತ್ತು ಚೌಕಗಳಿವೆ, ಕಣ್ಣು ಹೊಂದಿಕೊಳ್ಳಲು ನಿಮಿಷಗಳೇ ಬೇಕು. ಪೋಸ್ಟರಿನಲ್ಲಿ ಅದು ಬರೀ ಮಸಿ. ರಾಬರ್ಟ್ ರೈಮನ್ ಅವರ ಬಿಳಿ ಚಿತ್ರಗಳಲ್ಲಿ ಬಣ್ಣದ ದಪ್ಪ, ಅಂಚು, ಕೆಲವೊಮ್ಮೆ ಗೋಡೆಗೆ ಹಿಡಿದ ತಿರುಪು ಕೂಡ ಚಿತ್ರದ ಭಾಗ. ಇವನ್ನು ಮ್ಯೂಸಿಯಂನಲ್ಲಿ ನೋಡಿ, ಮನೆಗೆ ತರುವ ಆಸೆ ಬಿಡಿ.

ಶಾಯಿ ಮತ್ತು ಖಾಲಿ ಜಾಗ

ಮಿನಿಮಲಿಸಂ ಎಂಬ ಮಾತು ಹುಟ್ಟುವ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, 16ನೇ ಶತಮಾನದ ಕೊನೆಯಲ್ಲಿ, ಜಪಾನಿನ ಹಸೆಗಾವಾ ತೊಹಾಕು ಮಂಜಿನಲ್ಲಿ ನಿಂತ ಪೈನ್ ಮರಗಳನ್ನು ಒಂದು ಜೋಡಿ ಮಡಿಚುಪರದೆಗಳ ಮೇಲೆ ಶಾಯಿಯಲ್ಲಿ ಬರೆದರು. ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಮರಕ್ಕಿಂತ ಬಿಟ್ಟ ಕಾಗದವೇ ಹೆಚ್ಚು, ಆದರೆ ಆ ಕಾಗದ ಮಂಜಾಗಿದೆ. ಆಕಾರ ಹೇಳಿಕೊಳ್ಳಲು ಮರ ಇರುವುದರಿಂದ ಅಚ್ಚಿನಲ್ಲೂ ಒಂದಿಷ್ಟು ದಾಟಿ ಬರುತ್ತದೆ. ಮಾರ್ಟಿನ್ ಮತ್ತು ಆಲ್ಬರ್ಸ್ ನಡುವೆ ನಿಲ್ಲುವ ಆಯ್ಕೆ ಇದು, ಮತ್ತು ಖರ್ಚು ಕಡಿಮೆ: ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಕ್ಲೀವ್‌ಲ್ಯಾಂಡ್ ಕಲಾ ಮ್ಯೂಸಿಯಂಗಳು ತಮ್ಮ ಸಂಗ್ರಹದ ಹಳೆಯ ಕೃತಿಗಳ ದೊಡ್ಡ ಗಾತ್ರದ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಉಚಿತವಾಗಿ ಕೊಡುತ್ತವೆ. ಎಂಥ ಕಡತ ಬೇಕು ಎಂಬುದಕ್ಕೆ ಒಂದು ಅಳತೆ: ಎ3 ಗಾತ್ರಕ್ಕೆ ಸುಮಾರು 3508×4961 ಪಿಕ್ಸೆಲ್. ಇದನ್ನು ಹತ್ತಿಯ ನಾರಿನ ಮ್ಯಾಟ್ ಕಾಗದದ ಮೇಲೆ ಮಾತ್ರ ಹಾಕಿಸಿ. ಹೊಳೆಯುವ ಫೋಟೊ ಕಾಗದದ ಮೇಲೆ ಶಾಯಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ.

ಇಪ್ಪತ್ತನೇ ಶತಮಾನದ ಎಲ್ಲರ ವಿಷಯದಲ್ಲೂ ಹಾಗೆ ಮಾಡುವಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1935ರಲ್ಲಿ ತೀರಿದ ಮಾಲೆವಿಚ್, 1944ರಲ್ಲಿ ತೀರಿದ ಮಾಂಡ್ರಿಯನ್ ನಮ್ಮಲ್ಲಿ ಮುಕ್ತ. ಆಲ್ಬರ್ಸ್ 2036ರ ಕೊನೆಯವರೆಗೆ, ನಸ್ರೀನ್ 2050ರವರೆಗೆ, 2004ರಲ್ಲಿ ತೀರಿದ ಆಗ್ನೆಸ್ 2064ರವರೆಗೆ ಅಲ್ಲ. ಅವರ ಚಿತ್ರದ ಅಗ್ಗದ ನಕಲು ಮಾರುತ್ತಿದ್ದರೆ ಅನುಮತಿ ಇದೆಯೇ ಎಂದು ಕೇಳಿಯೇ ಕೊಳ್ಳಿ.

ಗೋಡೆಯ ಮೇಲೇ ಬರೆಯುವುದು

ಅಚ್ಚಿನಲ್ಲಿ ಸ್ವಲ್ಪವೂ ಕಳೆದುಹೋಗದ ಒಂದೇ ಮಿನಿಮಲಿಸಂ ಅಮೆರಿಕದ ಕಲಾವಿದ ಸಾಲ್ ಲೆವಿಟ್ ಅವರದು, ಏಕೆಂದರೆ ಅಲ್ಲಿ ಕೃತಿ ಎಂದರೆ ಒಂದು ಸೂಚನೆ. 1968ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಪೌಲಾ ಕೂಪರ್ ಗ್ಯಾಲರಿಯಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಹಣ ಸೇರಿಸಲು ಏರ್ಪಟ್ಟ ಪ್ರದರ್ಶನದಲ್ಲಿ, ಅವರು ಗೋಡೆಯ ಮೇಲೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ಪ್ರದರ್ಶನ ಮುಗಿದ ಮೇಲೆ ಅದರ ಮೇಲೆ ಬಣ್ಣ ಬಳಿದರು, ಚಿತ್ರ ಹೋಯಿತು. ಸೂಚನೆ ಉಳಿಯಿತು. ಮುಂದೆ 1,200ಕ್ಕೂ ಹೆಚ್ಚು ಗೋಡೆಚಿತ್ರಗಳು ಹೀಗೆ ಹುಟ್ಟಿದವು. ಬರೆಯುವವರು ಬೇರೆಯವರು, ಕೊಂಡವರಿಗೆ ಸಿಗುವುದು ಸೂಚನೆ ಮತ್ತು ಸಹಿ ಮಾಡಿದ ಪ್ರಮಾಣಪತ್ರ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾಸ್ ಮೋಕಾ ಮ್ಯೂಸಿಯಂನಲ್ಲಿ 2008ರಲ್ಲಿ ಅವರ 105 ಗೋಡೆಚಿತ್ರಗಳನ್ನು ಬರೆಯಲಾಯಿತು. ಲೆವಿಟ್ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ಅವು 2043ರವರೆಗೆ ಅಲ್ಲಿರುತ್ತವೆ.

1971ರ ಒಂದು ಸೂಚನೆಯ ಸಾರ ಇಷ್ಟು: ಗೋಡೆಯ ತುಂಬ ಗಟ್ಟಿ ಪೆನ್ಸಿಲ್ಲಿನಲ್ಲಿ ಮನಬಂದಲ್ಲಿ, ಆದರೆ ಎಲ್ಲೆಡೆ ಹರಡುವಂತೆ, 50 ಚುಕ್ಕಿ ಇಡಿ. ಎಲ್ಲ ಚುಕ್ಕಿಗಳನ್ನೂ ನೇರ ಗೆರೆಯಿಂದ ಸೇರಿಸಿ. ಪ್ರತಿ ಚುಕ್ಕಿಯನ್ನೂ ಉಳಿದೆಲ್ಲದಕ್ಕೂ ಸೇರಿಸಿದರೆ 1,225 ಗೆರೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅಮ್ಮನ ರಂಗೋಲಿ ಪುಸ್ತಕ. ‘15ರಿಂದ 8ರವರೆಗೆ ಸಂದು ಚುಕ್ಕಿ’ ಎಂಬ ಒಂದು ಸಾಲಿನಲ್ಲಿ ಇಡೀ ಚಿತ್ರ ಅಡಗಿರುತ್ತದೆ, ಯಾವ ಊರಿನ ಯಾವ ಅಂಗಳದಲ್ಲಾದರೂ ಅದು ಎದ್ದು ಬರುತ್ತದೆ, ಸಂಜೆಗೆ ಅಳಿಸುತ್ತದೆ, ಕೃತಿಗೆ ಏನೂ ಆಗುವುದಿಲ್ಲ. ಲೆವಿಟ್‌ಗೆ ರಂಗೋಲಿ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ನಮಗೆ ಲೆವಿಟ್ ಅರ್ಥವಾಗಲು ಕಷ್ಟಪಡಬೇಕಿಲ್ಲ ಎಂದಷ್ಟೇ.

ಪ್ರಮಾಣಪತ್ರವಿಲ್ಲದೆ ಅವರ ಸೂಚನೆಯಿಂದ ಬರೆದದ್ದನ್ನು ‘ಲೆವಿಟ್’ ಎಂದು ಕರೆಯುವಂತಿಲ್ಲ. ನಿಮ್ಮದೇ ನಿಯಮ ಬರೆದುಕೊಳ್ಳಿ. ಬೇಕಾದದ್ದು ಮ್ಯಾಟ್ ಬಣ್ಣದ ನುಣುಪು ಗೋಡೆ, 4ಎಚ್ ಪೆನ್ಸಿಲ್, ಉದ್ದದ ಅಲ್ಯುಮಿನಿಯಂ ಪಟ್ಟಿ, ಜೊತೆಗೊಬ್ಬರು. ಬಾಡಿಗೆ ಮನೆಯಾದರೆ ಬಿಡುವಾಗ ಒಂದು ಕೋಟ್ ಬಣ್ಣ.

ತೂಗುಹಾಕುವ ಮುನ್ನ

ಕಡಿಮೆ ಇರುವ ಚಿತ್ರದಲ್ಲಿ ತಪ್ಪು ಹೆಚ್ಚು ಕಾಣುತ್ತದೆ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ. ನಾವು ಸಾಮಾನ್ಯವಾಗಿ ಇದಕ್ಕಿಂತ ಮೇಲೆ ಹೊಡೆಯುತ್ತೇವೆ, ಹಿರಿಯರ ಫೋಟೊ ಹಾಕಿ ಅಭ್ಯಾಸ. ಸೋಫಾ ಮೇಲಾದರೆ ಒರಗುವ ಅಂಚಿನಿಂದ 6ರಿಂದ 8 ಇಂಚು ಬಿಡಿ, ಅಗಲ ಸೋಫಾದ ಮೂರನೇ ಎರಡು ಭಾಗದ ಹತ್ತಿರ ಇರಲಿ. ಸಣ್ಣ ಚಿತ್ರವನ್ನು ಅಗಲದ ಸೋಫಾದ ನಡುವೆ ಸಿಕ್ಕಿಸುವ ಬದಲು ಕಿರಿದಾದ ಗೋಡೆಗೆ, ಬಾಗಿಲ ಪಕ್ಕಕ್ಕೆ ಕೊಡಿ.

ಫ್ರೇಮ್ ಅಂಗಡಿಯಲ್ಲಿ ಎರಡು ವಿಷಯಕ್ಕೆ ಪಟ್ಟು ಹಿಡಿಯಿರಿ. ಒಂದು, ಆಮ್ಲವಿಲ್ಲದ ಮೌಂಟ್ ಬೋರ್ಡ್. ಸಾಮಾನ್ಯ ಬೋರ್ಡು ಕೆಲವೇ ವರ್ಷಗಳಲ್ಲಿ ಕಂದಿ ಚಿತ್ರದ ಸುತ್ತ ಹಳದಿ ಗೆರೆ ಬಿಡುತ್ತದೆ, ಬಿಳಿ ಕಾಗದದ ಮೇಲೆ ಅದು ಎದ್ದು ಕಾಣುತ್ತದೆ. ಎರಡು, ಕಾಗದ ಗಾಜಿಗೆ ತಾಗದಂತೆ ನಡುವೆ ಅಂತರ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದ ತೇವದಲ್ಲಿ ಗಾಜಿಗೆ ಅಂಟಿದ ಕಾಗದಕ್ಕೆ ಬೂಷ್ಟು ಹಿಡಿದರೆ ಬಿಡಿಸುವ ದಾರಿ ಇಲ್ಲ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿ, ಗಾಳಿ ಆಡಲಿ. ಮಳೆ ಬಡಿಯುವ ಹೊರಗೋಡೆಗೆ ಕಾಗದದ ಚಿತ್ರ ಬೇಡವೇ ಬೇಡ. ಗಾಢ ಬಣ್ಣದ ಚಿತ್ರವನ್ನು ಕಿಟಕಿಯ ಎದುರು ಸಾಮಾನ್ಯ ಗಾಜು ಹಾಕಿ ಇಟ್ಟರೆ ಕಾಣುವುದು ನಿಮ್ಮದೇ ಮುಖ.

ಇಷ್ಟೆಲ್ಲ ಕೇಳಿಸಿಕೊಂಡ ಅತ್ತಿಗೆ ಸೋಫಾ ಮೇಲಿನ ಗೋಡೆಯನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದಾರೆ. ಬರುವ ಚಿತ್ರಸಂತೆಗೆ ಹೋಗಿ ನೋಡುತ್ತಾರಂತೆ. ಆದರೆ ಊಟದ ಮೇಜಿನ ಪಕ್ಕದ ಮೂರಡಿ ಗೋಡೆಗೆ ತಾಯಿ ಮಗಳು ಸೇರಿ ನಿಯಮ ಬರೆದರು: 12 ಚುಕ್ಕಿ, ಪ್ರತಿಯೊಂದೂ ಉಳಿದೆಲ್ಲದಕ್ಕೂ. ಒಟ್ಟು 66 ಗೆರೆ. ಮೊನ್ನೆ ಭಾನುವಾರ 41ನೆಯದಕ್ಕೆ ಫೋನ್ ಬಂತು. ‘ಗೆರೆ ಸ್ವಿಚ್ ಬೋರ್ಡಿಗೆ ಅಡ್ಡ ಬರ್ತಿದೆ. ಏನು ಮಾಡೋದು?’

‘ನಿಯಮದಲ್ಲಿ ಏನು ಬರೆದಿದ್ದೀರಿ, ಅತ್ತಿಗೆ?’

ಏನೂ ಬರೆದಿರಲಿಲ್ಲ. ಹಿಂದಿನಿಂದ ಅಣ್ಣನ ಮಗಳು ಕೂಗಿದ್ದು ಕೇಳಿಸಿತು: ಗೆರೆ ಬೋರ್ಡಿನ ಈಚೆ ನಿಲ್ಲುತ್ತದೆ, ಆಚೆ ಬದಿಯಿಂದ ಮತ್ತೆ ಹೊರಡುತ್ತದೆ. ಅದನ್ನು ನಿಯಮದ ಹಾಳೆಗೆ ಎರಡನೇ ಸಾಲಾಗಿ ಸೇರಿಸಿಕೊಂಡು 42ಕ್ಕೆ ಹೋದರು.